ಪಿಸ್ತೂಲಿನ ಹಿಡಿಯೊಳಗೊಂದು ಭಾವಚಿತ್ರ

ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಪಿಸ್ತೂಲಿನ ಹಿಡಿಯಲ್ಲಿ ನಾಲ್ಕು ತಿರುಪುಗಳಿವೆ. ಎಡಗಡೆಯ ಪಟ್ಟಿಗೆ ಎರಡು, ಬಲಗಡೆಯ ಪಟ್ಟಿಗೆ ಎರಡು. ಮಿಕ್ಕ ಭಾಗವೆಲ್ಲ ಉಕ್ಕು. ಅಂಗೈ ತಾಗುವ ಈ ಎರಡು ಪಟ್ಟಿಗಳು ಮಾತ್ರ ಎರಡನೇ ಮಹಾಯುದ್ಧದ ಹೊತ್ತಿಗೆ ಕಂದು ಬಣ್ಣದ ಪ್ಲಾಸ್ಟಿಕ್ಕಿನವಾಗಿದ್ದವು. ಸ್ಕ್ರೂಡ್ರೈವರ್ ಇದ್ದರೆ ಎರಡು ನಿಮಿಷದಲ್ಲಿ ಅವನ್ನು ಬಿಚ್ಚಬಹುದು, ಇನ್ನೆರಡು ನಿಮಿಷದಲ್ಲಿ ಬೇರೆಯದನ್ನು ಕೂರಿಸಬಹುದು. ಸೈನಿಕರು ತಮ್ಮ ಕೈಯಾರೆ ಬದಲಾಯಿಸಿಕೊಂಡ ಯುದ್ಧಕಾಲದ ಪಿಸ್ತೂಲುಗಳನ್ನು ಕೂಡಿಡುವ ಹವ್ಯಾಸವೊಂದಿದೆ. ಅದರ ಮುಕ್ಕಾಲು ಪಾಲು ಹುಟ್ಟಿದ್ದು ಈ ನಾಲ್ಕು ತಿರುಪುಗಳಿಂದ.

ಯುದ್ಧಭೂಮಿಯಲ್ಲಿ ಬಿಡುವಿಗೇನೂ ಬರವಿರಲಿಲ್ಲ. ಕಾದಾಟದ ಒಂದು ದಿನಕ್ಕೆ ಕಾಯುವಿಕೆಯ ಹತ್ತು ದಿನ. ಜೇಬಿನಲ್ಲಿ ಹೆಂಡತಿಯದೋ ಮದುವೆಯಾಗಬೇಕಿದ್ದ ಹುಡುಗಿಯದೋ ಫೋಟೊ ಇರುತ್ತಿತ್ತು. ಅದು ಬೆವರಿಗೆ, ಮಳೆಗೆ ಹಾಳಾಗುತ್ತಿತ್ತು. ಹತ್ತಿರದಲ್ಲೇ ಎಲ್ಲೋ ಒಂದು ವಿಮಾನ ಬಿದ್ದಿರುತ್ತಿತ್ತು. ಅದರ ಗವಾಕ್ಷಿಯ ಪಾರದರ್ಶಕ ಹಾಳೆಯಿಂದ ಒಂದು ತುಂಡು ಕತ್ತರಿಸಿ, ಹಿಡಿಯ ಆಕಾರಕ್ಕೆ ಉಜ್ಜಿ, ಅದರ ಅಡಿಯಲ್ಲಿ ಆ ಫೋಟೊ ಇಟ್ಟು ತಿರುಪು ಬಿಗಿದರೆ ಚಿತ್ರವೂ ಭದ್ರ, ಕಣ್ಣೆದುರಿಗೂ ಇರುತ್ತದೆ. ಸಂಗ್ರಾಹಕರು ಇದನ್ನು ‘ಸ್ವೀಟ್‌ಹಾರ್ಟ್ ಗ್ರಿಪ್’ ಎನ್ನುತ್ತಾರೆ. ಪ್ರಿಯತಮೆಯ ಹಿಡಿ ಎಂದರೆ ಕನ್ನಡದಲ್ಲಿ ಅರ್ಥ ಬೇರೆ ಕಡೆಗೆ ಹೋಗುವುದರಿಂದ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಳ್ಳೋಣ.

ಈ ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಎರಡು ತಿರುಪುಗಳ ನಡುವಿನ ಅಂತರ ಸುಮಾರು ಎಂಟು ಸೆಂಟಿಮೀಟರ್. ಮುಖ ಆ ಎರಡರ ನಡುವೆ ಬರಬೇಕು. ಇಲ್ಲದಿದ್ದರೆ ತಿರುಪು ಹಣೆಗೋ ಕತ್ತಿಗೋ ನಾಟುತ್ತದೆ. ಪಟ್ಟಿಯ ಹಿಂಬದಿ ಅಂಚು ಬಾಗಿದೆ, ಮೇಲ್ತುದಿ ಕಿರಿದಾಗಿದೆ. ಸ್ಟುಡಿಯೊದಲ್ಲಿ ತೆಗೆಸಿದ ಚೌಕದ ಫೋಟೊವನ್ನು ಈ ಆಕಾರಕ್ಕೆ ಕತ್ತರಿಸುವಾಗ ಭುಜ ಹೋಗುತ್ತದೆ, ಕೈ ಹೋಗುತ್ತದೆ, ಪಕ್ಕದಲ್ಲಿ ನಿಂತ ತಂಗಿಯಿದ್ದರೆ ಅವಳೂ ಹೋಗುತ್ತಾಳೆ. ಅಂಚಿನಲ್ಲಿ ಅರದ ಗೀರುಗಳು ಸಾಮಾನ್ಯ. ಎರಡು ಪಟ್ಟಿಗಳ ದಪ್ಪ ಒಂದೇ ಸಮ ಇರುವುದಿಲ್ಲ, ತಿರುಪಿನ ತೂತು ಕೂದಲೆಳೆಯಷ್ಟು ವಾರೆ. ಕಾರ್ಖಾನೆಯ ಕೆಲಸದಲ್ಲಿ ತಪ್ಪು ಎನ್ನಿಸಿಕೊಳ್ಳುವುದೆಲ್ಲ ಇಲ್ಲಿ ಲಕ್ಷಣ. ಕೆಲವರು ಒಂದು ಪಕ್ಕದಲ್ಲಿ ಮಾತ್ರ ಚಿತ್ರ ಇಟ್ಟು ಇನ್ನೊಂದನ್ನು ಖಾಲಿ ಬಿಟ್ಟಿದ್ದಾರೆ. ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಯ, ಅಂದರೆ ಮ್ಯಾಗಜೀನಿನ, ಪಕ್ಕದ ತೂತುಗಳಿಂದ ಇನ್ನೆಷ್ಟು ಗುಂಡು ಉಳಿದಿದೆ ಎಂದು ಕಾಣಲಿ ಎಂಬುದು ಅದಕ್ಕೆ ಕೊಡುವ ಕಾರಣ. ಎರಡನೇ ಫೋಟೊ ಇರಲಿಲ್ಲ ಎಂಬುದೂ ಕಾರಣವಾಗಿರಬಹುದು ಎಂದು ನನಗನ್ನಿಸುತ್ತದೆ.

ಆ ಪಾರದರ್ಶಕ ಹಾಳೆ ಗಾಜಲ್ಲ. ರಸಾಯನಶಾಸ್ತ್ರ ಅದನ್ನು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎನ್ನುತ್ತದೆ. ಪ್ಲೆಕ್ಸಿಗ್ಲಾಸ್, ಪರ್ಸ್‌ಪೆಕ್ಸ್, ಲೂಸೈಟ್ ಎಲ್ಲವೂ ಅದರದೇ ವ್ಯಾಪಾರದ ಹೆಸರುಗಳು. ನಮ್ಮ ಅಂಗಡಿಗಳಲ್ಲಿ ಕೇಳಿದರೆ ಅಕ್ರಿಲಿಕ್ ಶೀಟ್. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಇದು ಯುದ್ಧ ಶುರುವಾಗುವ ಹೊತ್ತಿಗೆ ವಿಮಾನಗಳಿಗೆ ಹೇಳಿ ಮಾಡಿಸಿದಂತಿತ್ತು. ಹಗುರ, ಗಾಜಿನಂತೆ ಸಿಡಿದು ಚೂರಾಗದು, ಬಿಸಿ ಮಾಡಿದರೆ ಬೇಕಾದಂತೆ ಬಾಗುತ್ತದೆ. ಸೈನಿಕನಿಗೆ ಒದಗಿದ್ದೂ ಇದೇ ಗುಣ. ಸಾಧಾರಣ ಗರಗಸದಿಂದ ಕೊಯ್ಯಬಹುದು, ಅರದಿಂದ ತೀಡಬಹುದು, ಕೊನೆಗೆ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೂ ಹೊಳಪು ಬರುತ್ತದೆ. ಕೊಯ್ಯುವಾಗ ಹಣ್ಣಿನಂಥ ಒಂದು ಸಿಹಿವಾಸನೆ ಏಳುತ್ತದೆ.

ಇನ್ನು ಪಿಸ್ತೂಲು ಯಾರದು ಎಂಬ ಪ್ರಶ್ನೆ. ಇದನ್ನು ಬಿಡಿಸಿಕೊಳ್ಳದೆ ಈ ಹವ್ಯಾಸ ಅರ್ಥವಾಗುವುದಿಲ್ಲ. ಸೈನಿಕನ ಸೊಂಟದಲ್ಲಿದ್ದ 1911 (ಸೇನೆ ಒಪ್ಪಿಕೊಂಡ ವರ್ಷವೇ ಆ ಪಿಸ್ತೂಲಿನ ಹೆಸರು) ಅವನದಲ್ಲ, ಸರ್ಕಾರದ್ದು. ಯುದ್ಧ ಮುಗಿದ ಮೇಲೆ ಉಗ್ರಾಣಕ್ಕೆ ಒಪ್ಪಿಸಬೇಕು. ಅದರ ಉಕ್ಕಿನ ಮೇಲೆ ಹೆಸರು ಕೆತ್ತಿದರೆ ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದಂತೆ. ಆದರೆ ಹಿಡಿಪಟ್ಟಿ ಬದಲಾಯಿಸಿದರೆ? ಒಪ್ಪಿಸುವ ಹಿಂದಿನ ದಿನ ತಿರುಪು ಬಿಚ್ಚಿ ಹಳೆಯದನ್ನು ಹಾಕಿದರಾಯಿತು. ಎಷ್ಟೋ ಸ್ವೀಟ್‌ಹಾರ್ಟ್ ಗ್ರಿಪ್‌ಗಳು ಪಿಸ್ತೂಲಿಲ್ಲದೆ ಒಂಟಿಯಾಗಿ, ಪತ್ರಗಳ ಕಟ್ಟಿನ ಜೊತೆ ಪೆಟ್ಟಿಗೆಯಲ್ಲಿ ಸಿಗುವುದಕ್ಕೆ ಇದೇ ಕಾರಣ. ಪಿಸ್ತೂಲನ್ನೇ ಕಿಟ್‌ಚೀಲದ ತಳದಲ್ಲಿ ಸೇರಿಸಿ ಮನೆಗೆ ತಂದವರೂ ಇದ್ದರು ಎನ್ನುವುದು ಬೇರೆ ಮಾತು.

ಶತ್ರುವಿನಿಂದ ಸಿಕ್ಕ ಪಿಸ್ತೂಲಿನ ಕಥೆ ಹಾಗಲ್ಲ. ಮೇಲಧಿಕಾರಿ ಚೀಟಿ ಕೊಟ್ಟರೆ ಅದು ಸೈನಿಕನ ಸ್ವಂತದ್ದು, ಏನು ಬೇಕಾದರೂ ಮಾಡಿಕೊಳ್ಳಬಹುದು. ಮಾಡಿಕೊಂಡರು ಕೂಡ. ಜರ್ಮನಿಯ ಲೂಗರ್‌ಗೆ ನಿಕಲ್ ಲೇಪ ಕೊಡಿಸಿ ಬೆಳ್ಳಿಯಂತೆ ಹೊಳೆಯಿಸಿದರು. ನಳಿಗೆಯ ಮೇಲೆ ತಮ್ಮ ಹೆಸರು, ಊರು, ದಳದ ಸಂಖ್ಯೆ ಕೆತ್ತಿಸಿದರು. ಚರ್ಮದ ಒರೆಯ ಮೇಲೆ ತಾವು ದಾಟಿಬಂದ ಊರುಗಳ ಪಟ್ಟಿ ಬರೆದರು. ಹೀಗೆ, ಪಿಸ್ತೂಲು ಸರ್ಕಾರದ್ದಾದರೆ ಬದಲಾವಣೆ ಬಿಚ್ಚಲು ಬರುವ ಭಾಗಕ್ಕೆ ಮಾತ್ರ, ಸ್ವಂತದ್ದಾದರೆ ಉಕ್ಕಿನೊಳಕ್ಕೂ ಇಳಿಯಬಹುದು. ಯಾವುದಾದರೂ 1911ರ ಮೇಲೆ ಆಳವಾದ ಹೆಸರು, ಯುದ್ಧಗಳ ಪಟ್ಟಿ, ಹೂಬಳ್ಳಿ ಎಲ್ಲ ಕಂಡರೆ ಅನುಭವಿಗಳ ಹುಬ್ಬೇರುವುದು ಇದಕ್ಕೇ. ಅದು ಅಧಿಕಾರಿಯ ಸ್ವಂತ ಖರೀದಿಯಾಗಿರಬಹುದು, ಇಲ್ಲವೇ ಯುದ್ಧ ಮುಗಿದು ವರ್ಷಗಳಾದ ಮೇಲೆ ಯಾರೋ ಮಾಡಿಸಿದ ಅಲಂಕಾರ.

ಸ್ವಂತ ಖರೀದಿಗೆ ಪ್ರಸಿದ್ಧ ಉದಾಹರಣೆ ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾನಿ ಜನರಲ್ ಜಾರ್ಜ್ ಪ್ಯಾಟನ್. ಆತ 1916ರಲ್ಲಿ ಕೊಂಡ ಕೋಲ್ಟ್ ರಿವಾಲ್ವರ್‌ನ ಮೈಯೆಲ್ಲ ಕೆತ್ತನೆ, ಹಿಡಿ ದಂತದ್ದು, ಅದರ ಮೇಲೆ ಅವನ ಹೆಸರಿನ ಮೊದಲಕ್ಷರಗಳು. ಪತ್ರಿಕೆಗಳು ಅದನ್ನು ಮುತ್ತಿನ ಹಿಡಿ ಎಂದು ಬರೆದಾಗಲೆಲ್ಲ ಅವನಿಗೆ ರೇಗುತ್ತಿತ್ತಂತೆ.

1911ರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ವಿನ್ಯಾಸ ಜಾನ್ ಬ್ರೌನಿಂಗ್‌ನದು, ಮೂಲ ತಯಾರಕರು ಕೋಲ್ಟ್. ಆದರೆ ಯುದ್ಧದ ಬೇಡಿಕೆಗೆ ಅದೊಂದೇ ಕಾರ್ಖಾನೆ ಸಾಲಲಿಲ್ಲ. ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ್‍ಯಾಂಡ್, ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್, ಬೇಟೆ ಬಂದೂಕಿನ ಇಥಾಕಾ ಎಲ್ಲರೂ ಪಿಸ್ತೂಲು ಮಾಡಿದರು. ಅತಿ ಹೆಚ್ಚು ಮಾಡಿದ್ದು ಟೈಪ್‌ರೈಟರ್ ಕಂಪನಿ. ಅತಿ ಕಡಿಮೆ ಮಾಡಿದ್ದು ಸಿಂಗರ್: ಬರೀ 500. ನಮ್ಮ ಅಜ್ಜಿಯಂದಿರ ಹೊಲಿಗೆ ಯಂತ್ರದ ಮೇಲೆ ಚಿನ್ನದಕ್ಷರದಲ್ಲಿದ್ದ, ಕೋರ್ಟಿನ ಮುಂದೆ ಅರ್ಜಿ ಟೈಪ್ ಮಾಡುವವರ ಮೇಜಿನಲ್ಲಿದ್ದ ಹೆಸರುಗಳೇ ಇವು. ಸಿಂಗರ್ ಪಿಸ್ತೂಲಿಗೆ ಇಂದು ಸಂಗ್ರಾಹಕರು ತೆರುವ ಬೆಲೆಯಲ್ಲಿ ಮನೆ ಕೊಳ್ಳಬಹುದು. ಹಾಗಾಗಿ ಆ ಹೆಸರನ್ನು ಹೊಸದಾಗಿ ಒತ್ತಿದ ನಕಲಿಗಳಿಗೂ ಕೊರತೆಯಿಲ್ಲ.

ಶತ್ರುವಿನ ಪಿಸ್ತೂಲುಗಳಲ್ಲಿ ಎಲ್ಲರ ಕಣ್ಣೂ ಲೂಗರ್ ಮೇಲೆ. ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡದ್ದರಿಂದ ಅದಕ್ಕೆ ಪಿ-08 ಎಂಬ ಹೆಸರು. ಗುಂಡು ಹಾರಿದಾಗ ಅದರ ಮೇಲ್ಭಾಗದ ಕೀಲು ಮೊಣಕಾಲು ಮಡಚಿದಂತೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅಂಥದ್ದನ್ನು ಅಮೆರಿಕದ ಹಳ್ಳಿಯ ಹುಡುಗ ಹಿಂದೆ ನೋಡಿರಲಿಲ್ಲ. ನಂತರದ ವಾಲ್ಟರ್ ಪಿ-38, ಇಟಲಿಯ ಬೆರೆಟ್ಟಾ, ಪೆಸಿಫಿಕ್ ಕಡೆಯಿಂದ ಜಪಾನಿನ ನಂಬು. ಇವುಗಳ ಮೇಲಿನ ಮುದ್ರೆಗಳನ್ನು ಓದುವುದೇ ಒಂದು ವಿದ್ಯೆ. ಜರ್ಮನರು ಯುದ್ಧಕಾಲದಲ್ಲಿ ಕಾರ್ಖಾನೆಯ ಹೆಸರಿನ ಬದಲು ಗುಪ್ತಾಕ್ಷರ ಒತ್ತುತ್ತಿದ್ದರು: ಮೌಸರ್‌ಗೆ ‘ಬಿವೈಎಫ್’, ವಾಲ್ಟರ್‌ಗೆ ‘ಎಸಿ’. ಜಪಾನಿನ ನಂಬು ಮೇಲೆ 19.6 ಎಂದಿದ್ದರೆ ಅದು ಶೋವಾ ಶಕೆಯ 19ನೇ ವರ್ಷ, ಆರನೇ ತಿಂಗಳು. ಶೋವಾ ವರ್ಷಕ್ಕೆ 1925 ಕೂಡಿಸಬೇಕು. ಅಂದರೆ 1944ರ ಜೂನ್. ಲೂಗರ್‌ನ ಸಣ್ಣಪುಟ್ಟ ಬಿಡಿಭಾಗಗಳ ಮೇಲೂ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳಿರುತ್ತವೆ. ಎಲ್ಲವೂ ಹೊಂದಿಕೊಂಡರೆ ಬೆಲೆ ಒಂದು, ಒಂದು ಭಾಗ ಬೇರೆಯದಾಗಿದ್ದರೂ ಬೆಲೆ ಇನ್ನೊಂದು.

ಪಿಸ್ತೂಲೇ ಯಾಕೆ? ರೈಫಲ್‌ಗಿಂತ ಸಣ್ಣದು, ಚೀಲದಲ್ಲಿ ಹಿಡಿಸುತ್ತದೆ. ಮೇಲಾಗಿ ಅದು ಬಹುಮಟ್ಟಿಗೆ ಶತ್ರುವಿನ ಅಧಿಕಾರಿಯ ಸೊಂಟದಲ್ಲಿರುವಂಥದ್ದು, ಆದ್ದರಿಂದ ಗತ್ತು ಹೆಚ್ಚು. ಆದರೆ ಮನೆಗೆ ಬಂದ ಪ್ರತಿ ಲೂಗರ್ ಹಿಂದೆಯೂ ಮುಖಾಮುಖಿ ಕಾಳಗವಿತ್ತು ಎಂದುಕೊಳ್ಳಬೇಡಿ. 1945ರ ಮೇ ತಿಂಗಳಲ್ಲಿ ಶರಣಾದ ಜರ್ಮನರು ಆಯುಧಗಳನ್ನು ರಾಶಿ ಹಾಕಿದರು. ಎಷ್ಟೋ ಪಿಸ್ತೂಲುಗಳು ಆ ರಾಶಿಯಿಂದ ಆರಿಸಿಕೊಂಡವು. ಇನ್ನೆಷ್ಟೋ ಕೈಬದಲಾದವು. ಮುಂಚೂಣಿಯ ಕಾಲಾಳಿನ ಬಳಿ ಪಿಸ್ತೂಲಿದೆ, ಹಿಂದಿನ ಸಾಲಿನ ಗುಮಾಸ್ತನ ಬಳಿ ಸಿಗರೇಟು, ವಿಸ್ಕಿ ಇದೆ: ಸಂತೆ ಶುರುವಾಗಲು ಇಷ್ಟು ಸಾಕು. ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ನೌಕಾಪಡೆಯ ನಿರ್ಮಾಣ ದಳದವರು ಜಪಾನಿ ಧ್ವಜಗಳನ್ನು ತಾವೇ ತಯಾರಿಸಿ ಹೊಸಬರಿಗೆ ಮಾರಿದ್ದೂ ಉಂಟು. ನಕಲಿ ಸ್ಮರಣಿಕೆ ಇಂದಿನ ಕಸುಬಲ್ಲ, ಯುದ್ಧದಷ್ಟೇ ಹಳೆಯದು.

ಈಗ ಸಂಗ್ರಾಹಕರ ಜಗಳಕ್ಕೆ ಬರೋಣ. ಹಳೆಯ ಪಿಸ್ತೂಲು ಕೂಡಿಡುವವರಲ್ಲಿ ಬಹುಪಾಲು ಜನರಿಗೆ ಮೂಲರೂಪವೇ ದೇವರು. ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದ ಲೇಪ, ಇದ್ದ ಹಿಡಿ, ಇದ್ದ ಮುದ್ರೆ ಹಾಗೇ ಇರಬೇಕು. ನಿಕಲ್ ಲೇಪಿಸಿದ ಲೂಗರ್ ಕಂಡರೆ ಅವರು ಶಿಲ್ಪಕ್ಕೆ ಬಣ್ಣ ಬಳಿದುದನ್ನು ಕಂಡವರಂತೆ ಮುಖ ಕಿವುಚುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಲೇಪ ಹಿಡಿಯಬೇಕಾದರೆ ಉಕ್ಕನ್ನು ಮೊದಲು ತೀಡಬೇಕು. ತೀಡಿದರೆ ಮುದ್ರೆಗಳ ಅಂಚು ಮೊಂಡಾಗುತ್ತದೆ. ಹದ್ದಿನ ಗುರುತು ಕೋಳಿಯಂತಾಗುತ್ತದೆ. ಎರಡನೇ ಪಂಗಡದವರಿಗೆ ಈ ಬದಲಾವಣೆಯೇ ಬೇಕಾದದ್ದು. ಲಕ್ಷಗಟ್ಟಲೆ ತಯಾರಾದ ಪಿಸ್ತೂಲುಗಳಲ್ಲಿ ಇದೊಂದನ್ನು ಬೇರೆ ಮಾಡಿದ್ದು ಆ ಕೈಕೆಲಸ. ಕ್ರಮಸಂಖ್ಯೆ ಕಾರ್ಖಾನೆಯ ಗುರುತು, ವಾರೆಯಾದ ತಿರುಪಿನ ತೂತು ಒಬ್ಬ ಮನುಷ್ಯನ ಗುರುತು. ನಾನು ಈ ಎರಡನೆಯವರ ಕಡೆ. ಆದರೆ ಒಂದು ಷರತ್ತಿದೆ: ಆ ಮನುಷ್ಯ ಯಾರೆಂದು, ಆ ಕೆಲಸ ಯಾವಾಗ ಆಯಿತೆಂದು ತೋರಿಸಲು ಬರಬೇಕು. ಅದು ಬರದಿದ್ದರೆ ಅದು ಸ್ಮರಣಿಕೆಯಲ್ಲ, ಕೆಡಿಸಿದ ಪಿಸ್ತೂಲು ಅಷ್ಟೇ. ಆಗ ಮೊದಲ ಪಂಗಡದವರೇ ಸರಿ.

ತೋರಿಸುವುದು ಹೇಗೆ? ಮೊದಲ ಸಾಕ್ಷಿ ಕಾಗದ. ಶತ್ರುವಿನ ಸಾಮಗ್ರಿಯನ್ನು ಮನೆಗೆ ಒಯ್ಯಲು ಅಮೆರಿಕದ ಯುದ್ಧ ಇಲಾಖೆ ಸುತ್ತೋಲೆಗಳ ಮೂಲಕ ಅನುಮತಿ ಕೊಟ್ಟಿತ್ತು. ಅದರಂತೆ ದಳದ ಅಧಿಕಾರಿ ಸಹಿ ಮಾಡಿದ ಒಂದು ಚೀಟಿ ಸೈನಿಕನ ಕೈಸೇರುತ್ತಿತ್ತು. ಸಂಗ್ರಾಹಕರು ಇದನ್ನು ‘ಕ್ಯಾಪ್ಚರ್ ಪೇಪರ್’ ಎನ್ನುತ್ತಾರೆ. ತೆಳುವಾದ ಹಾಳೆ, ಕಲ್ಲಚ್ಚಿನಂಥ ಮಸುಕು ಅಕ್ಷರ, ನಡುವೆ ಟೈಪ್ ಮಾಡಿ ತುಂಬಿದ ಹೆಸರು, ಹುದ್ದೆ, ಸೈನಿಕ ಸಂಖ್ಯೆ, ವಸ್ತುವಿನ ವಿವರ. ಪಿಸ್ತೂಲಿನ ಕ್ರಮಸಂಖ್ಯೆಯೂ ಇದ್ದರೆ ಅದೃಷ್ಟ. ‘ಒಂದು ಪಿಸ್ತೂಲು, ಜರ್ಮನ್’ ಎಂದಷ್ಟೇ ಇರುವ ಚೀಟಿಗಳೂ ಬೇಕಾದಷ್ಟಿವೆ. ಅಂಥದ್ದನ್ನು ಯಾವ ಜರ್ಮನ್ ಪಿಸ್ತೂಲಿನ ಜೊತೆಗೂ ಮದುವೆ ಮಾಡಿಸಬಹುದು, ಮಾಡಿಸುತ್ತಾರೆ ಕೂಡ. ಮೆಷಿನ್‌ಗನ್‌ಗಳಿಗೆ ಈ ಚೀಟಿ ಸಾಲದು, ಅವುಗಳಿಗೆ 1934ರ ಕಾನೂನಿನಂತೆ ಬೇರೆ ನೋಂದಣಿ ಬೇಕು.

ಚೀಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಪುಸ್ತಕದ ಖಾಲಿ ಹಾಳೆ, ಹಳೆಯ ಟೈಪ್‌ರೈಟರ್ ಎರಡೂ ಗುಜರಿಯಲ್ಲಿ ಸಿಗುತ್ತವೆ. ಆದ್ದರಿಂದ ಚೀಟಿಯಲ್ಲಿರುವ ಹೆಸರು, ದಳ, ತಾರೀಖುಗಳನ್ನು ಹೊರಗಿನ ದಾಖಲೆಗಳ ಜೊತೆ ತಾಳೆ ನೋಡಬೇಕು. ಒರೆಯ ಮೇಲೆ ‘ನಾರ್ಮಂಡಿ, 6 ಜೂನ್ 1944’ ಎಂದಿದೆ, ಸೈನಿಕ 4ನೇ ಆರ್ಮರ್ಡ್ ಡಿವಿಷನ್ನಿನವನು ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ನಾರ್ಮಂಡಿ ಇರುವುದು ಫ್ರಾನ್ಸಿನಲ್ಲಿ, ಆ ಡಿವಿಷನ್ ಫ್ರಾನ್ಸಿನ ತೀರಕ್ಕೆ ಇಳಿದದ್ದೇ ಜುಲೈನಲ್ಲಿ. ಆತ ಬೇರೆ ದಳದಿಂದ ವರ್ಗವಾಗಿ ಬಂದಿರಬಹುದು. ಹಾಗಿದ್ದರೆ ಅದಕ್ಕೂ ದಾಖಲೆ ಬೇಕು. ಇಲ್ಲೊಂದು ದೊಡ್ಡ ತೊಡಕಿದೆ. ಅಮೆರಿಕದ ಸೈನಿಕರ ಸೇವಾ ಕಡತಗಳಿದ್ದ ಸೇಂಟ್ ಲೂಯಿಸ್‌ನ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ. 80ರಷ್ಟು ಹೋದವು. ಉಳಿದಿರುವುದು ಸೇರ್ಪಡೆಯ ಪಟ್ಟಿ, ದಳಗಳ ದಿನವಹಿ ವರದಿ, ಸಂಬಳದ ಚೀಟಿಯಂಥವು. ಅವುಗಳಿಂದ ಒಬ್ಬನ ಯುದ್ಧವನ್ನು ಮತ್ತೆ ಹೆಣೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮಾರುವವನ ‘ನಮ್ಮ ತಾತ ಹೇಳುತ್ತಿದ್ದರು’ ಎಂಬ ಒಂದು ವಾಕ್ಯಕ್ಕೆ ಎರಡೇ ಸೆಕೆಂಡು ಸಾಕು. ಕಥೆಗೆ ದುಡ್ಡು ಕೊಡಬೇಡಿ, ವಸ್ತುವಿಗೆ ಕೊಡಿ ಎಂದು ಹಳಬರು ಹೊಸಬರಿಗೆ ಮತ್ತೆ ಮತ್ತೆ ಹೇಳುವುದು ಇದರಿಂದಾಗಿಯೇ.

ಎರಡನೇ ಸಾಕ್ಷಿ ವಸ್ತುವೇ. ಭಾವಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ. ಯುದ್ಧಕಾಲದ ಫೋಟೊದಲ್ಲಿ ಕಪ್ಪುಬಿಳುಪಿನ ಛಾಯೆ ಒಂದೇ ಸಮನೆ ಹರಿಯುತ್ತದೆ. ಪ್ರಿಂಟರ್‌ನಿಂದ ತೆಗೆದದ್ದಾದರೆ ಚುಕ್ಕೆಗಳು ಕಾಣುತ್ತವೆ. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಾಯಿಸಿ. 1950ರ ದಶಕದ ಮಧ್ಯದಿಂದೀಚೆಗೆ ಫೋಟೊ ಕಾಗದ ಬೆಳ್ಳಗೆ ಕಾಣಲೆಂದು ಹೊಳಪುಕಾರಕ ಬೆರೆಸತೊಡಗಿದರು. ಅದು ಈ ಬೆಳಕಿಗೆ ಬಟ್ಟೆಗೆ ಹಾಕುವ ನೀಲಿಯಂತೆ ಮಿನುಗುತ್ತದೆ. ಮಿನುಗಿದರೆ ನಕಲಿ ಎನ್ನಬಹುದು. ಮಿನುಗದಿದ್ದರೆ ಅಸಲಿ ಎನ್ನಲಾಗದು. ಹೆಸರಿಲ್ಲದ ಹಳೆಯ ಫೋಟೊಗಳು ಸಂತೆಯಲ್ಲಿ ರಾಶಿಯಾಗಿ ಸಿಗುವಾಗ, ಅದರಲ್ಲೊಂದನ್ನು ಕತ್ತರಿಸಿ ಹೊಸ ಪ್ಲಾಸ್ಟಿಕ್ಕಿನಡಿ ಇಡುವುದು ಎಷ್ಟರ ಕೆಲಸ? ಹಾಗಾಗಿ ಪ್ಲಾಸ್ಟಿಕ್ಕನ್ನೂ ನೋಡಬೇಕು: ಅಂಗೈ ಉಜ್ಜುವ ಉಬ್ಬಿನಲ್ಲಿ ಗೀರು ಹೆಚ್ಚು, ತಗ್ಗಿನಲ್ಲಿ ಕಡಿಮೆ ಇರಬೇಕು. ಎಲ್ಲ ಕಡೆ ಒಂದೇ ಸಮ ಗೀರಿದ್ದರೆ ಅದು ಬಳಕೆಯ ಸವೆತವಲ್ಲ, ಉಪ್ಪುಕಾಗದದ ಕೆಲಸ. ಹಳೆಯ ಪಟ್ಟಿ ಕೂತಿದ್ದ ಕಡೆ ಉಕ್ಕಿನ ಮೇಲೂ ಅದರ ಅಂಚಿನ ನೆರಳು ಬಿದ್ದಿರುತ್ತದೆ.

ನಿಕಲ್ ಲೇಪದ ವಿಷಯದಲ್ಲಿ ಇಷ್ಟು ಸುಲಭವಿಲ್ಲ. 1945ರಲ್ಲಿ ಮಾಡಿಸಿದ್ದಕ್ಕೂ ಊರಿಗೆ ಮರಳಿದ ಮೇಲೆ 1955ರಲ್ಲಿ ಮಾಡಿಸಿದ್ದಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಆಗಿನ ಒಂದು ಫೋಟೊ, ಒಂದು ರಸೀದಿ, ಪತ್ರದಲ್ಲಿ ಒಂದು ಸಾಲು ಇದ್ದರೆ ಮಾತ್ರ ತೀರ್ಮಾನ.

ಕೈಗೆ ಬಂದದ್ದನ್ನು ಕಾಪಾಡುವಲ್ಲಿ ಜನ ಮಾಡುವ ಮೊದಲ ತಪ್ಪು ಒರೆಸುವುದು. ಸ್ಪಿರಿಟ್ ತಾಗಿದರೆ ಹಳೆಯ ಅಕ್ರಿಲಿಕ್‌ನಲ್ಲಿ ಜೇಡರ ಬಲೆಯಂತೆ ಬಿರುಕು ಏಳುತ್ತದೆ, ಮತ್ತೆ ಹೋಗುವುದಿಲ್ಲ. ಉಕ್ಕಿಗೆ ಹಚ್ಚಿದ ಎಣ್ಣೆ ಜಿನುಗಿ ಫೋಟೊದ ಹಿಂಬದಿಗೆ ಇಳಿಯುತ್ತದೆ. ತೇವಕ್ಕೆ ಫೋಟೊದ ಜೆಲಟಿನ್ ಪದರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ. ಎಬ್ಬಿಸಹೋದರೆ ಮುಖ ಅಲ್ಲೇ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ವಿನೆಗರ್ ವಾಸನೆ ಬರುತ್ತಿದ್ದರೆ ಅದು ಅಕ್ರಿಲಿಕ್ ಅಲ್ಲ, ಕೊಳೆಯುತ್ತಿರುವ ಸೆಲ್ಯುಲೋಸ್ ಅಸಿಟೇಟ್. ಅದರ ಆಮ್ಲ ಉಕ್ಕಿಗೆ ತುಕ್ಕು ತರುತ್ತದೆ, ಬೇರೆ ಮಾಡಿ ಇಡಬೇಕು. ಇದೆಲ್ಲಕ್ಕೂ ಮೊದಲು ಪಿಸ್ತೂಲಿನಲ್ಲಿ ಗುಂಡಿಲ್ಲ ಎಂದು ತಿಳಿದವರಿಂದ ಖಚಿತಪಡಿಸಿಕೊಳ್ಳಬೇಕು. ಅಟ್ಟದಲ್ಲಿ ಎಂಬತ್ತು ವರ್ಷ ಮಲಗಿದ್ದಕ್ಕೆ ಗುಂಡು ಸತ್ತಿರುತ್ತದೆ ಎಂಬ ಭರವಸೆಯೇನೂ ಇಲ್ಲ.

ಕಾನೂನು ದೇಶಕ್ಕೊಂದು. ಅಮೆರಿಕದಲ್ಲಿ ಐವತ್ತು ವರ್ಷ ದಾಟಿದ ಬಂದೂಕುಗಳ ಸಂಗ್ರಾಹಕರಿಗೆಂದೇ ಪ್ರತ್ಯೇಕ ಪರವಾನಗಿ ಇದೆ. ಬ್ರಿಟನ್ನಿನಲ್ಲಿ 1997ರಿಂದ ಪಿಸ್ತೂಲು ಇಟ್ಟುಕೊಳ್ಳುವುದು ಬಹುತೇಕ ನಿಷಿದ್ಧ. ಐತಿಹಾಸಿಕ ಮಹತ್ವದವಕ್ಕೆ ಮಾತ್ರ ಕಿರಿದಾದ ವಿನಾಯಿತಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಹಾಗಾಗಿ ಇಲ್ಲಿ ಕೂತು ಈ ಹವ್ಯಾಸ ಬೆಳೆಸುವ ಮಾತಿಲ್ಲ. ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವ ಕನ್ನಡಿಗರೂ ಹುಷಾರಾಗಿರಬೇಕು. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಂಥ ವೀಸಾದವರು ಬಂದೂಕು ಹೊಂದುವುದು ಅಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ, ಪಕ್ಕದ ಮನೆಯ ಅಜ್ಜ ಪ್ರೀತಿಯಿಂದ ಕೊಟ್ಟರೂ ಸರಿಯೇ. ಹಿಡಿಪಟ್ಟಿಯ ಮಾತು ಬೇರೆ. ಅಲ್ಲಿನ ಕಾನೂನಿನ ಕಣ್ಣಿಗೆ ಪಿಸ್ತೂಲೆಂದರೆ ಅದರ ಚೌಕಟ್ಟು. ಬಿಚ್ಚಿಟ್ಟ ಹಿಡಿಪಟ್ಟಿ ಬರೀ ಪ್ಲಾಸ್ಟಿಕ್ಕು ಮತ್ತು ಒಂದು ಫೋಟೊ.

ಚಿತ್ರದಲ್ಲಿರುವವಳು ಯಾರು ಎಂಬುದು ಹೆಚ್ಚಿನವರ ಕೊನೆಯ ಪ್ರಶ್ನೆ. ಮುಂಬದಿಯಲ್ಲಿ ಉತ್ತರ ಇರುವುದಿಲ್ಲ. ಫೋಟೊದ ಬೆನ್ನು ಚೌಕಟ್ಟಿನ ಕಡೆಗಿರುತ್ತದೆ, ಆದ್ದರಿಂದ ಚಿತ್ರವನ್ನು ಮುಟ್ಟದೆ, ತಿರುಪು ಬಿಚ್ಚಿ ಪಟ್ಟಿಯನ್ನು ಮಗುಚಿದರೆ ಸಾಕು. ತಿರುಪಿನ ತಲೆಯ ಸೀಳು ಸವೆದಿದ್ದರೆ ನಿಮಗಿಂತ ಮೊದಲೇ ಯಾರೋ ಹಾಗೆ ಮಗುಚಿ ನೋಡಿದ್ದಾರೆ. ಹಿಂಬದಿಯಲ್ಲಿ ಎಣ್ಣೆಯ ಕಲೆ, ಕೆಲವೊಮ್ಮೆ ಪೆನ್ಸಿಲ್ ಬರಹ, ಕೆಲವೊಮ್ಮೆ ಸ್ಟುಡಿಯೊದ ಮುದ್ರೆ. ಅದೂ ಪೂರ್ತಿ ಇರುವುದು ಅಪರೂಪ. ಹಿಡಿಯ ಬಾಗಿಗೆ ಹೊಂದಲೆಂದು ಕತ್ತರಿ ಓಡಿದ ಕಡೆ ಊರಿನ ಹೆಸರು ಅರ್ಧಕ್ಕೇ ನಿಂತಿರುತ್ತದೆ.